ಮಡಿ ಉಟ್ಟ ಕಾಯಿಲೆ

ಕಾಯಿಲೆ ಬಿದ್ದವರನ್ನು ನೋಡಲು ಬರುವವರು ಬಾಳೆಹಣ್ಣು ತರುತ್ತಾರೆ. ನನ್ನನ್ನು ನೋಡಲು ಬಂದವರೂ ತಂದರು. ವ್ಯತ್ಯಾಸ ಇಷ್ಟೇ, ಅವರು ಹಣ್ಣಿನ ಚಿಪ್ಪನ್ನು ಹೊಸ್ತಿಲಲ್ಲಿಟ್ಟು, ನನಗೆ ಅಡ್ಡಬಿದ್ದು, ಕೃಪೆ ಇರಲಿ ಎಂದು ಬೇಡಿಕೊಂಡು ಹೋಗುತ್ತಿದ್ದರು. ಎದೆಯಲ್ಲೂ ಗಂಟಲಲ್ಲೂ ಕ್ಷಯ ಹಿಡಿದು ಮೂಲೆ ಸೇರಿದ್ದ ಇಪ್ಪತ್ತಾರರ ಹೆಂಗಸಿನ ಹತ್ತಿರ ಯಾವ ಕೃಪೆ ಇದ್ದೀತು? ಆದರೆ ನನಗೆ ಕ್ಷಯ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಮೌನವ್ರತ ಹಿಡಿದಿದ್ದೇನೆ ಎಂದು ಅವರಿಗೆ ಹೇಳಲಾಗಿತ್ತು.

ಇದೆಲ್ಲ ಆಗಿ ಹತ್ತು ವರ್ಷದ ಮೇಲಾಯಿತು. ಕ್ಷಯ ವಾಸಿಯಾಗುತ್ತದೆ ಎಂದು ಈಗ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೂ ಬರೆದಿದ್ದಾರೆ. ನಿಜ, ವಾಸಿಯಾಗುತ್ತದೆ, ನಾನೇ ಸಾಕ್ಷಿ. ಆದರೆ ಗೋಡೆಯ ಮೇಲೆ ಬರೆಯದ ಸಂಗತಿಗಳು ಕೆಲವು ಉಳಿದಿವೆ. ನನ್ನ ಹಾಗೆ ಬೇರೆ ಲೋಟ, ಬೇರೆ ಚಾಪೆ ಇಟ್ಟುಕೊಂಡು ಒಂದು ಕೋಣೆಯಲ್ಲಿ ಕುಳಿತವರು ಯಾರಾದರೂ ಇದನ್ನು ಓದಿದರೆ ಓದಲಿ ಎಂದು ಬರೆಯುತ್ತಿದ್ದೇನೆ. ಸಮಾಧಾನ ಹೇಳುವುದಕ್ಕಲ್ಲ. ಸಮಾಧಾನ ಹೇಳಲು ಬಂದವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆ ಹಿರಿಯಡ್ಕದಲ್ಲಿ. ನಾನು ಆಗ ಕಾಪುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ಶಾಲೆ ಕಡಲಿಗೆ ಹತ್ತಿರ. ಹಿಂದಿನ ಬೆಂಚಿನವರಿಗೆ ಮಗ್ಗಿ ಕೇಳಿಸಬೇಕಾದರೆ ಗಾಳಿಯ ಜತೆ ಜಗಳವಾಡಿದ ಹಾಗೆ ಕೂಗಬೇಕಿತ್ತು. ಹಾಗಾಗಿ ಸ್ವರ ಒಡೆಯಲು ಶುರುವಾದಾಗ ಎಲ್ಲರೂ ಕಡಲಿನ ಗಾಳಿಯನ್ನೇ ಬೈದರು. ಅಮ್ಮ ಕಾಳುಮೆಣಸಿನ ಕಷಾಯ ಮಾಡಿ ಕುಡಿಸಿದಳು. ಜ್ಯೇಷ್ಠಮಧುವಿನ ತುಂಡನ್ನು ದಿನವಿಡೀ ಕೆನ್ನೆಯಲ್ಲಿಟ್ಟುಕೊಂಡು ಪಾಠ ಮಾಡಿದೆ. ಸ್ವರ ಗಂಡಸಿನದಾಗುತ್ತಾ ಬಂತು, ಆಮೇಲೆ ಯಾರದೂ ಅಲ್ಲದ್ದಾಯಿತು. ಅನ್ನ ನುಂಗುವಾಗ ನೋವು, ಸಂಜೆ ಹೊತ್ತಿಗೆ ಸಣ್ಣ ಜ್ವರ. ಒಂದು ದಿನ ಹಾಜರಿ ಕರೆಯಲು ಬಾಯಿ ತೆರೆದರೆ ಬರಿ ಗಾಳಿ ಹೊರಬಂತು. ಮಕ್ಕಳು ನಕ್ಕರು. ನಾನೂ ನಕ್ಕೆ, ಆದರೆ ಶಬ್ದ ಬರಲಿಲ್ಲ.

ಉಡುಪಿಯ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು, ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ಗಂಟಲು ನೋಡಿದರು. ಎಕ್ಸ್‌ರೇ ತೆಗೆಸಲು ಮಣಿಪಾಲದ ಗುಡ್ಡಕ್ಕೆ ಕಳಿಸಿದರು. ಆ ಕಾಲಕ್ಕೆ ಆ ಗುಡ್ಡದ ಮೇಲೆ ಕೆಂಪು ಮಣ್ಣಿನ ಧೂಳು, ಅಲ್ಲಲ್ಲಿ ಏಳುತ್ತಿದ್ದ ಕಟ್ಟಡ, ಬಾಕಿ ಎಲ್ಲ ಬಿಸಿಲು. ನನ್ನ ಜತೆ ಬಂದಿದ್ದವರು ದೂಮಪ್ಪ ಮಾವ. ಅಪ್ಪ ಹೋದ ಮೇಲೆ ಅಮ್ಮನ ತಮ್ಮನಾದ ಅವರೇ ನಮ್ಮ ಮನೆಗೆ ಯಜಮಾನರು. ಎಕ್ಸ್‌ರೇ ಬಂದ ಮೇಲೆ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಾವನ ಕಡೆ ತಿರುಗಿ ಕಾಯಿಲೆಯ ಹೆಸರು ಹೇಳಿದರು. ಕಾಯಿಲೆ ನನ್ನದಾದರೂ ಹೆಸರನ್ನು ಹೇಳಿದ್ದು ಮಾವನಿಗೆ. ಆಮೇಲೆ ನನ್ನ ಕಡೆ ನೋಡಿ, ಸೂಜಿ ಉಂಟು, ಪುಡಿ ಉಂಟು, ಹೆದರಬೇಡ ಎಂದರು.

"ಆದರೆ ಗಂಟಲಿಗೆ ಮದ್ದು ಒಂದೇ. ಮಾತು ನಿಲ್ಲಿಸಬೇಕು. ಪಿಸುಗುಟ್ಟುವುದು ಸಹ ಬೇಡ. ಮಕ್ಕಳನ್ನು ಹತ್ತಿರ ಸೇರಿಸಬಾರದು."

"ಎಷ್ಟು ದಿನ?" ಎಂದು ಪಿಸುಗುಟ್ಟಿದೆ.

ಅವರು ಕೈ ಎತ್ತಿದರು. "ನೋಡು, ಈಗಲೇ ಮಾತಾಡಿದೆ."

ಆಮೇಲೆ ಬಹಳ ಕಾಲ ನಾನು ಆಡಿದ ಕೊನೆಯ ಮಾತು ಅದೇ ಆಯಿತು. ಗೊತ್ತಿದ್ದರೆ ಅದಕ್ಕಿಂತ ಒಳ್ಳೆಯದನ್ನು ಆರಿಸಿಕೊಳ್ಳುತ್ತಿದ್ದೆ.

ಬಸ್ಸಿನಲ್ಲಿ ಬರುವಾಗ ಮಾವ ಎಕ್ಸ್‌ರೇಯ ಲಕೋಟೆಯನ್ನು ಬೆನ್ನ ಹಿಂದೆ ಸೇರಿಸಿ ಕುಳಿತಿದ್ದರು. ಅವರ ತಲೆಯಲ್ಲಿ ಏನು ಓಡುತ್ತಿತ್ತು ಎಂದು ನನಗೆ ಗೊತ್ತಿತ್ತು. ನನ್ನ ತಂಗಿ ವಾರಿಜಳಿಗೆ ಕಾರ್ಕಳದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಅಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ನೋಡಿ ಹೋಗಿದ್ದ, ಒಪ್ಪಿದ್ದ. ನನ್ನ ಮದುವೆ ಜಾತಕದ ಕಾರಣಕ್ಕೆ ಎರಡು ಸಲ ತಪ್ಪಿ, ಆಮೇಲೆ ಆ ವಿಷಯವನ್ನು ಎಲ್ಲರೂ ಬಿಟ್ಟಿದ್ದರು. ಈಗ ಅಕ್ಕನಿಗೆ ಕ್ಷಯ ಎಂದು ತಿಳಿದರೆ ತಂಗಿಯದೂ ಮುಗಿಯಿತು. ಆ ಕಾಯಿಲೆ ಇರುವ ಮನೆಯ ಬಾವಿಯ ನೀರು ಕುಡಿಯಲು ಜನ ಹೆದರುತ್ತಿದ್ದ ಕಾಲ ಅದು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮಾವ ಅಮ್ಮನನ್ನೂ ವಾರಿಜಳನ್ನೂ ಕೂರಿಸಿಕೊಂಡು ಹೇಳಿದರು: "ಕಾಯಿಲೆ ಅಂತ ಹೇಳಿದರೆ ಮನೆ ಮುಳುಗ್ತದೆ. ವ್ರತ ಅಂತ ಹೇಳಿದರೆ ಯಾರೂ ಎಂತದೂ ಕೇಳುವುದಿಲ್ಲ."

ಮಾವನಿಗೆ ಈ ಯೋಚನೆ ಬಂದದ್ದು ಎಲ್ಲಿಂದ ಎಂದು ಹೇಳುವುದು ಕಷ್ಟವಲ್ಲ. ಅವರಿಗೆ ಉಡುಪಿಯ ರಥಬೀದಿಯ ಪಕ್ಕದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ವ್ರತ, ಉಪವಾಸ, ಮಡಿ ಎಲ್ಲವನ್ನೂ ದಿನಾ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಮಡಿ ಎಂಬ ಶಬ್ದವನ್ನು ಅದುವರೆಗೆ ಯಾರೂ ಬಳಸಿದ್ದಿಲ್ಲ. ಮೌನವ್ರತ ಹಿಡಿದವರು ನಮ್ಮ ಕುಟುಂಬದಲ್ಲಿ ಹಿಂದೆ ಇರಲಿಲ್ಲ. ಮಾತು ನಿಲ್ಲಿಸಿದವರು ಸತ್ತವರು ಮಾತ್ರ. ಆದರೆ ಸುಳ್ಳು ಎಷ್ಟು ಅಚ್ಚುಕಟ್ಟಾಗಿ ಕೂತಿತು ಎಂದರೆ ಅದನ್ನು ಹೊಲಿದ ಮಾವನಿಗೇ ಆಶ್ಚರ್ಯವಾಗಿರಬೇಕು. ಡಾಕ್ಟರು ಬೇರೆ ಕೋಣೆ ಎಂದಿದ್ದರು. ವ್ರತಕ್ಕೂ ಬೇರೆ ಕೋಣೆ. ಡಾಕ್ಟರು ಬೇರೆ ತಟ್ಟೆ, ಬೇರೆ ಲೋಟ, ಬಟ್ಟೆ ಬಿಸಿನೀರಿನಲ್ಲಿ ಎಂದಿದ್ದರು. ಅದೆಲ್ಲ ಮಡಿ. ಯಾರೂ ಮುಟ್ಟಬಾರದು, ಹತ್ತಿರ ಕೂರಬಾರದು. ಅದೂ ಮಡಿ. ವಾರಕ್ಕೆ ಎರಡು ದಿನ ಸೂಜಿ ಚುಚ್ಚಿಸಲು ಉಡುಪಿಗೆ ಹೋಗಬೇಕಿತ್ತು. ಅದು ಮಂಗಳವಾರ ಮತ್ತು ಶುಕ್ರವಾರ ಕಡಿಯಾಳಿಯ ಅಮ್ಮನವರ ದರ್ಶನ ಎಂದಾಯಿತು.

ಒಂದು ಕಡೆ ಮಾತ್ರ ಹೊಲಿಗೆ ಕೂಡಲಿಲ್ಲ. ಡಾಕ್ಟರು ಮೊಟ್ಟೆ ತಿನ್ನು, ಮೀನು ತಿನ್ನು, ಮೈ ಹಿಡಿಯಬೇಕು ಎಂದಿದ್ದರು. ವ್ರತದವರು ಮೀನು ತಿನ್ನುವುದುಂಟೇ? ಬಂಗುಡೆ ಹೊತ್ತ ಹೆಂಗಸು ನಮ್ಮ ಅಂಗಳಕ್ಕೆ ಬರುವುದನ್ನು ಮಾವ ನಿಲ್ಲಿಸಿಬಿಟ್ಟರು. ಬಂಗುಡೆಯ ಸಾರಿನ ಪರಿಮಳ ಇಲ್ಲದ ಮಧ್ಯಾಹ್ನ ಎಂದರೆ ಏನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಆಗ ಅಮ್ಮ, ಬದುಕಿನಲ್ಲಿ ತಮ್ಮನ ಮಾತಿಗೆ ಎದುರಾಡದ ಅಮ್ಮ, ಒಣಮೀನಿನ ಚಟ್ನಿ ಅರೆದು, ಅದನ್ನು ತಟ್ಟೆಯ ತಳದಲ್ಲಿ ಹರಡಿ, ಮೇಲೆ ಕುಚ್ಚಲಕ್ಕಿ ಅನ್ನ ಬಡಿಸಿ, ಅನ್ನದ ಮೇಲೆ ತೊಂಡೆಕಾಯಿ ಪಲ್ಯ ಇಟ್ಟು ಕೋಣೆಯೊಳಗೆ ಸರಿಸುತ್ತಿದ್ದಳು. ಅಮ್ಮನಿಗೆ ಓದು ಬಾರದು, ಮಾತಿನ ಬದಲು ನಾನು ಬರೆದು ತೋರಿಸುತ್ತಿದ್ದ ಸ್ಲೇಟಿನಿಂದ ಅವಳ ಮುಂದೆ ಪ್ರಯೋಜನವಿರಲಿಲ್ಲ. ತಟ್ಟೆಯ ತಳ ಮುಟ್ಟಿದಾಗ ನಾನು ತಲೆ ಎತ್ತಿ ಅವಳನ್ನು ನೋಡುತ್ತಿದ್ದೆ. ಅವಳು ಸೊಟ್ಟ ಮುಖ ಮಾಡಿ ಬಾಗಿಲ ಕಡೆ ಕಣ್ಣು ತೋರಿಸುತ್ತಿದ್ದಳು. ಆ ಕಾಯಿಲೆಯಲ್ಲಿ ನನಗೆ ಸಿಕ್ಕಿದ ಸಂತೋಷಗಳಲ್ಲಿ ಅದು ದೊಡ್ಡದು.

ಊರಿನಲ್ಲಿ ಸುದ್ದಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಮೊದಲು ಪಕ್ಕದ ಮನೆಯವರು ಕೈಮುಗಿದರು, ಆಮೇಲೆ ಪೇಟೆಯವರು. ಬಸ್ಸಿನಲ್ಲಿ ಕಂಡಕ್ಟರು ಮುಂದಿನ ಸೀಟು ಖಾಲಿ ಮಾಡಿಸುತ್ತಿದ್ದ. ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಭಕ್ತಿಯಿಂದ. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲು ಇದ್ದರೂ ಆ ಅರ್ಧ ಸೀಟು ಖಾಲಿ ಇರುತ್ತಿತ್ತು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಿಟಕಿಯ ಹೊರಗೆ ನೋಡುತ್ತಾ, ಇವರಿಗೆ ನಿಜ ಗೊತ್ತಾದರೂ ಇಷ್ಟೇ ದೂರ ಕೂರುತ್ತಾರಲ್ಲ ಎಂದುಕೊಳ್ಳುತ್ತಿದ್ದೆ.

ನನ್ನನ್ನು ಮನುಷ್ಯಳೆಂದು ಮಾತಾಡಿಸುತ್ತಿದ್ದವರು ಇಬ್ಬರೇ. ಒಬ್ಬರು ಸೂಜಿ ಚುಚ್ಚುವ ಕೋಣೆಯ ಹೊರಗಿನ ಬೆಂಚಿನಲ್ಲಿ ಸಿಗುತ್ತಿದ್ದ ಲೂಸಿ ಬಾಯಿ. ಕಾಪುವಿನ ಕಡೆಯ ಕೊಂಕಣಿ ಕ್ರಿಸ್ತರ ಹೆಂಗಸು, ನನಗಿಂತ ತುಂಬ ಹಿರಿಯರು. ಅವರದೂ ಇದೇ ಕಾಯಿಲೆ. ಅವರ ಮನೆಯವರು ಊರಿಗೆಲ್ಲ ದಮ್ಮು ಎಂದು ಹೇಳಿದ್ದರಂತೆ. ನನ್ನ ವಿಷಯವನ್ನು ಸ್ಲೇಟಿನಲ್ಲಿ ಓದಿ ಅವರಿಗೆ ನಗು ತಡೆಯಲಾಗಲಿಲ್ಲ, ನಗು ಕೆಮ್ಮಾಯಿತು, ಕೆಮ್ಮಿ ಕಣ್ಣೀರು ಒರೆಸಿಕೊಂಡರು. "ನಿಮ್ಮದು ಚೆಂದ ಉಂಟು ಟೀಚರೇ, ನನ್ನ ಕಾಲಿಗೆ ಯಾರೂ ಬೀಳ್ಲಿಲ್ಲ" ಎಂದರು. ಆಮೇಲೆ ಪ್ರತಿ ಸಲವೂ ಬೆಂಚಿನಲ್ಲಿ ಸರಿದು ಜಾಗ ಮಾಡಿ, "ಊಟ ಆಯ್ತಾ?" ಎಂದು ಕೇಳಿ, ನನ್ನ ಪರವಾಗಿ ತಾವೇ "ಆಯ್ತು" ಎನ್ನುತ್ತಿದ್ದರು. "ಎಂತ ಪದಾರ್ಥ?" ಎಂದು ಕೇಳಿ, ನನ್ನ ಮುಖ ನೋಡಿ, "ಬಸಳೆ ಅಲ್ವಾ?" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಬಸಳೆ ಅಲ್ಲದಿದ್ದರೂ ಆಡಿಸುತ್ತಿದ್ದೆ. ಇಬ್ಬರ ಮಾತನ್ನೂ ಅವರೊಬ್ಬರೇ ಆಡಿ ಮುಗಿಸುವಷ್ಟರಲ್ಲಿ ಕಂಪೌಂಡರು ಕರೆಯುತ್ತಿದ್ದ. ಮಳೆಗಾಲದ ನಡುವೆ ಒಂದು ಶುಕ್ರವಾರ ಅವರು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಕಂಪೌಂಡರನ್ನು ಸ್ಲೇಟಿನಲ್ಲಿ ಕೇಳಿದೆ. ಅವನು ಸ್ಲೇಟನ್ನು ಓದಿ, ನನ್ನ ತೋಳಿಗೆ ಸ್ಪಿರಿಟು ಒರೆಸಿ, ಆ ಕಡೆ ನೋಡಲು ಹೇಳಿದ.

ಇನ್ನೊಬ್ಬಳು ವಾರಿಜ. ಮಧ್ಯಾಹ್ನ ಕೆಲಸ ಮುಗಿಸಿ ನನ್ನ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂರುತ್ತಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ. ಹೆದರಿಕೆ ಇತ್ತು, ಮುಚ್ಚಿಡಲಿಲ್ಲ. ಆದರೆ ಮಾತಿಗೆ ಏನೂ ಕಡಿಮೆ ಮಾಡಲಿಲ್ಲ. ಹಸು ಯಾರ ಗದ್ದೆಗೆ ನುಗ್ಗಿತು, ಯಾರ ಮನೆಯಲ್ಲಿ ಯಾರ ಜಗಳ, ಮಾವ ಮೂಗಿನಲ್ಲಿ ಹೇಗೆ ಮಾತಾಡುತ್ತಾರೆ. ಎಲ್ಲ ಹೇಳಿ ಮುಗಿದ ಮೇಲೆ ಕಾರ್ಕಳದ ಹುಡುಗನ ವಿಷಯ. ಅವನನ್ನು ನೋಡಿದ್ದು ಒಂದೇ ಸಲ, ಅದೂ ಅರ್ಧ ಗಳಿಗೆ. ಇವಳು ಕೊಟ್ಟ ಚಾ ಕುಡಿದು ಎಲ್ಲರೂ ಚೆನ್ನಾಗಿದೆ ಎಂದರಂತೆ. ಅವನು ಮಾತ್ರ, ಸಕ್ಕರೆ ಸ್ವಲ್ಪ ಕಡಿಮೆ ಎಂದನಂತೆ.

"ಹೆಣ್ಣು ನೋಡಲು ಬಂದಲ್ಲಿ ಸಕ್ಕರೆ ಕಡಿಮೆ ಅಂತ ಹೇಳಿದವನು ನಾಳೆ ನನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಅಲ್ವಾ ಅಕ್ಕ?"

ಈ ಮಾತನ್ನು ಅವಳಿಂದ ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ನಾನು ಗೋಡೆಗೆ ಬೆರಳಿನಿಂದ ತಟ್ಟಬೇಕು. ತಟ್ಟಿದರೆ ಹೌದು ಎಂದು ಅರ್ಥ.

ಆ ದಿನಗಳಲ್ಲಿ ನನಗೆ ಆಸೆಯಾಗುತ್ತಿದ್ದುದು ದೊಡ್ಡ ಮಾತುಗಳಿಗಲ್ಲ. ದೇವರ ಹತ್ತಿರ ಮೊರೆ ಇಡಬೇಕು, ಡಾಕ್ಟರಿಗೆ ಕೃತಜ್ಞತೆ ಹೇಳಬೇಕು ಎಂದು ಯಾವತ್ತೂ ಅನ್ನಿಸಲಿಲ್ಲ. ಅನ್ನ ಕದಿಯುವ ಕಾಗೆಗೆ ಬೈಯಬೇಕು ಅನ್ನಿಸುತ್ತಿತ್ತು. ಒಳಗಿನಿಂದ ಅಮ್ಮ ಕರೆದರೆ "ಬಂದೆ" ಎನ್ನಬೇಕು, ಹಾಗೆ ಹೇಳಿಯೂ ಹೋಗದೆ ಅಲ್ಲೇ ಕುಳಿತಿರಬೇಕು. ಮೀನಿನವಳ ಹತ್ತಿರ ನ್ಯಾಯವಾದ ಕ್ರಯಕ್ಕೂ ಚೌಕಾಸಿ ಮಾಡಬೇಕು. ಕಾಲಿನ ಹೆಬ್ಬೆರಳು ಕಲ್ಲಿಗೆ ತಾಗಿದಾಗ "ಅಯ್ಯೋ" ಎಂದು ಬಾಯಿ ತುಂಬ ಕೂಗಬೇಕು. ಒಂದು ದಿನ ನಿಜವಾಗಿಯೂ ತಾಗಿತು, ಉಗುರು ಎದ್ದಿತು, ನಾನು ಬಾಯಿ ಮುಚ್ಚಿಕೊಂಡು ಅಲ್ಲೇ ಕುಳಿತೆ. ನೋಡಿದವರು ಎಂಥ ಸಂಯಮ ಎಂದರು.

ಎಲ್ಲಕ್ಕಿಂತ ಹೆಚ್ಚು ಆಸೆ ಒಂದು ಪ್ರಶ್ನೆಗೆ. ನಮ್ಮ ಮನೆಯ ಮಾತು ತುಳು. ನಮ್ಮಲ್ಲಿ ಯಾರು ಎದುರು ಬಂದರೂ ಮೊದಲು ಕೇಳುವುದು "ಒಣಸ್ ಆಂಡಾ?" ಎಂದು, ಊಟ ಆಯಿತಾ ಎಂದು. ಉತ್ತರಕ್ಕೆ ಕಾಯದೆ ಕೇಳುತ್ತಾರೆ, ಊಟದ ಹೊತ್ತಲ್ಲದಿದ್ದರೂ ಕೇಳುತ್ತಾರೆ. ಟ್ರೈನಿಂಗ್ ಮುಗಿಸಿ ಬಂದ ಹೊಸದರಲ್ಲಿ ಇದನ್ನು ಅರ್ಥವಿಲ್ಲದ ಮಾತು ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಈಗ ಅಮ್ಮ ತಟ್ಟೆ ಸರಿಸಿ ಹೋಗುವಾಗ, ನಿನ್ನದು ಆಯಿತಾ ಎಂದು ಕೇಳಲಾಗದೆ ಅವಳ ಬೆನ್ನನ್ನು ನೋಡುತ್ತಾ ಕೂರುತ್ತಿದ್ದೆ. ಅವಳು ನನಗಾಗಿ ಬೇಯಿಸಿ, ಎಷ್ಟೋ ದಿನ ತಾನು ಉಣ್ಣದೆ ಇರುತ್ತಿದ್ದಳು. ಕೇಳುವವರಿರಲಿಲ್ಲ. ಸ್ವರ ಬಂದ ದಿನ ಮೊದಲು ಆಡುವ ಮಾತು ಇದೇ, ಅಮ್ಮನಿಗೇ, ಎಂದು ಎತ್ತಿಟ್ಟುಕೊಂಡೆ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಡಾಕ್ಟರು ಮತ್ತೆ ಕನ್ನಡಿ ಕಟ್ಟಿಕೊಂಡು ನೋಡಿ ತಲೆಯಾಡಿಸಿದರು. ಗಂಟಲಿನ ಹುಣ್ಣು ಮಾಯುತ್ತಾ ಉಂಟು, ದಿನಕ್ಕೆ ನಾಲ್ಕು ಮಾತು ಆಡಬಹುದು, ಮೆಲ್ಲಗೆ ಎಂದರು. ಎದೆಯದು ಇನ್ನೂ ಇದೆ, ಕಫದಲ್ಲಿ ರೋಗ ಕಾಣುತ್ತದೆ, ಮಕ್ಕಳಿಂದ ದೂರ ಇರುವುದು ಮೊದಲಿನ ಹಾಗೆಯೇ ಎಂದರು. ನನಗೆ ಎರಡನೆಯದು ಕೇಳಿಸಲೇ ಇಲ್ಲ. ಬಸ್ಸಿಗೆ ಕಾಯುವಾಗ ಎತ್ತಿಟ್ಟ ಮಾತನ್ನು ಮನಸ್ಸಿನಲ್ಲೇ ನಾಲ್ಕೈದು ಬಗೆಯಲ್ಲಿ ಹೇಳಿ ನೋಡಿದೆ. ಅಂಗಳ ತಲುಪುವಷ್ಟರಲ್ಲಿ ಮಾವ ಅಡ್ಡ ಬಂದರು. ಅವರಿಗೆ ವಿಷಯ ಮೊದಲೇ ಗೊತ್ತಿತ್ತು, ಮಾತಿಗೆ ಅಪ್ಪಣೆ ಸಿಗುತ್ತದೆ ಎಂದು ಹಿಂದಿನ ದಿನವೇ ಡಾಕ್ಟರನ್ನು ಕಂಡು ತಿಳಿದುಕೊಂಡಿದ್ದರು.

ಕಾರ್ಕಳದ ಹುಡುಗನ ತಾಯಿ ಭಕ್ತಿಯ ಹೆಂಗಸು, ನಿನ್ನ ವ್ರತದ ಸುದ್ದಿ ಕೇಳಿಯೇ ಇಂಥ ಮನೆಯ ಹೆಣ್ಣು ಬೇಕು ಎಂದು ಗಟ್ಟಿಯಾಗಿದ್ದಾರೆ, ಮದುವೆ ಮುಗಿಯುವವರೆಗೆ ವ್ರತ ಬಿಡುವ ಹಾಗಿಲ್ಲ ಎಂದು ಮಾವ ವಿವರಿಸಿದರು. ಇಷ್ಟು ದಿನ ಇದ್ದವಳಿಗೆ ಇನ್ನೊಂದಿಷ್ಟು ದಿನ ಕಷ್ಟವೇ ಎಂದರು. ಮೊದಲು ಮಾತು ನಿಲ್ಲಿಸಿದ್ದು ಕಾಯಿಲೆ, ಅದಕ್ಕೆ ಮದ್ದಿತ್ತು. ಈಗ ನಿಲ್ಲಿಸಿದ್ದು ಮಾವ. ಬಾವಿಕಟ್ಟೆಯ ಹತ್ತಿರ ವಾರಿಜ ನಿಂತಿದ್ದಳು, ಕೊಡ ತುಂಬಿದ್ದರೂ ಎತ್ತದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಪಕ್ಕದ ಕಂಬಕ್ಕೆ ಬೆರಳಿನಿಂದ ತಟ್ಟಿ ಒಳಗೆ ಹೋದೆ.

ದಿನ ಗೊತ್ತುಮಾಡಲು ಕಾರ್ಕಳದವರು ಬಂದದ್ದು ಒಂದು ಭಾನುವಾರ. ಹುಡುಗನ ತಾಯಿ ದೊಡ್ಡ ಕುಂಕುಮದ, ದೊಡ್ಡ ದನಿಯ ಹೆಂಗಸು. ಚಾವಡಿಯಲ್ಲಿ ಗಂಡಸರು ಮಾತಾಡುತ್ತಿರುವಾಗ ಅವರು ನನ್ನ ಕೋಣೆಯ ಮುಂದೆ ಬಂದು, ಕೈಮುಗಿದು, ಹೊಸ್ತಿಲ ಹೊರಗೆ ಕುಳಿತರು. ನನ್ನನ್ನು ನೋಡುತ್ತಲೇ ಇದ್ದರು. ಅಷ್ಟರಲ್ಲಿ ಪೆರ್ಡೂರಿನ ಕಡೆಯಿಂದ ಒಬ್ಬಳು ತಾಯಿ ಮಗುವನ್ನು ಎತ್ತಿಕೊಂಡು ಬಂದಳು. ಹೆಣ್ಣು ಮಗು, ಮೂರು ತುಂಬಿದ್ದರೂ ಮಾತು ಬಂದಿರಲಿಲ್ಲ. ಒಂದು ಗಿಂಡಿಯಲ್ಲಿ ಜೇನು ತಂದಿದ್ದಳು. ನಾನು ಆ ಜೇನನ್ನು ಮೊದಲು ನನ್ನ ನಾಲಿಗೆಗೆ ಮುಟ್ಟಿಸಿ, ಅದೇ ಬೆರಳಿನಿಂದ ಮಗುವಿನ ನಾಲಿಗೆಗೆ ಹಚ್ಚಬೇಕು. ಮಾತನ್ನು ಗೆದ್ದವರ ನಾಲಿಗೆಯ ಜೇನು ಮುಟ್ಟಿದರೆ ಮಗುವಿಗೆ ಮಾತು ಬರುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು.

ನಾನು ತಲೆ ಅಲ್ಲಾಡಿಸಿದೆ. ಅವಳು ಗಿಂಡಿಯನ್ನು ಇನ್ನಷ್ಟು ಮುಂದೆ ಸರಿಸಿದಳು. ಕೈಯಿಂದ ಬೇಡ ಎಂದೆ. ಗೋಡೆಯ ಕಡೆ ಜರುಗಿದೆ. ಸ್ಲೇಟು ತೆಗೆದು ಬರೆದೆ, ಅವಳಿಗೆ ಓದಲು ಬರುತ್ತಿರಲಿಲ್ಲ. ಹುಡುಗನ ತಾಯಿಗೂ ಬರುತ್ತಿರಲಿಲ್ಲ. ಪೆರ್ಡೂರಿನವಳು ಅಳತೊಡಗಿದಳು. "ನನ್ನ ಪಾಪ ದೊಡ್ಡದು ಅಂತ ಕಾಣ್ತದೆ. ಇವರೂ ಕೈಬಿಟ್ಟರು" ಎಂದಳು.

"ಅಳಬೇಡ, ಪರೀಕ್ಷೆ ಮಾಡ್ತಾ ಇದ್ದಾರೆ" ಎಂದರು ಹುಡುಗನ ತಾಯಿ. "ಮಗುವನ್ನು ಮಡಿಲಲ್ಲಿ ಹಾಕು, ಆಗ ಹೇಗೆ ಇಲ್ಲ ಅಂತಾರೆ ನೋಡುವ."

ಅವಳು ಹೊಸ್ತಿಲು ದಾಟಿ ಮಗುವನ್ನು ನನ್ನ ಮಡಿಲಲ್ಲಿ ಕೂರಿಸಿಯೇಬಿಟ್ಟಳು. ಡಾಕ್ಟರು, ಕಂಪೌಂಡರು ಬಿಟ್ಟರೆ ಎಷ್ಟೋ ತಿಂಗಳ ಮೇಲೆ ನನ್ನನ್ನು ಮುಟ್ಟಿದ ಮೊದಲ ಜೀವ ಅದು. ಬೆಚ್ಚಗಿತ್ತು. ಜೇನಿನ ವಾಸನೆಗೆ ಬಾಯಿ ತೆರೆದು, ನನ್ನ ತುಟಿಯ ಮೇಲೆ ಕೈಯಿಟ್ಟು, ಮುಖವನ್ನು ಮುಖದ ಹತ್ತಿರ ತಂದಿತು. ನನಗೆ ಕೆಮ್ಮು ಒತ್ತಿ ಬರುತ್ತಿತ್ತು. ಹೊರಗೆ ವಾರಿಜ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅವಳು ತಲೆ ಅಲ್ಲಾಡಿಸಿದಳು, ಮಾತಾಡಬೇಡ ಎಂದು.

ಮಗುವನ್ನು ಎರಡೂ ಕೈಯಲ್ಲಿ ದೂರ ಎತ್ತಿ ಹಿಡಿದು ಹೇಳಿದೆ: "ತಕ್ಕೊಂಡು ಹೋಗಿ. ನನಗೆ ಕ್ಷಯ. ಇದು ವ್ರತ ಅಲ್ಲ."

ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಇತ್ತು ಸ್ವರ. ನಾಲ್ಕು ಮಾತಿಗೆ ಅಪ್ಪಣೆ ಇತ್ತು, ಎಲ್ಲವೂ ಅಲ್ಲೇ ಖರ್ಚಾಯಿತು. ಮೊದಲು ಅವರಿಗೆ ಕೇಳಿಸಿದ್ದು ಸ್ವರ ಮಾತ್ರ. ಹುಡುಗನ ತಾಯಿ "ಮಾತು ಬಂತು" ಎಂದು ಕೈಮುಗಿದು ನೆಲಕ್ಕೆ ಹಣೆ ಹಚ್ಚಿದರು. ಹಾಗೆ ಬಗ್ಗಿದಲ್ಲೇ ಅವರಿಗೆ ಅರ್ಥವಾಯಿತು. ಎದ್ದವರು ನನ್ನನ್ನು ನೋಡಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಚಾವಡಿಗೆ ಹೋದರು. ಪೆರ್ಡೂರಿನವಳು ಮಗುವನ್ನು ಕಿತ್ತುಕೊಂಡು, ಅದರ ಕೈಯನ್ನೂ ಬಾಯನ್ನೂ ಸೀರೆಯಲ್ಲಿ ತಿಕ್ಕಿ ತಿಕ್ಕಿ ಒರೆಸುತ್ತಾ, ನನ್ನನ್ನು ಶಪಿಸುತ್ತಾ ಹೋದಳು. ಗಿಂಡಿ ಅಲ್ಲೇ ಉಳಿಯಿತು.

ಕಾರ್ಕಳದವರು ಊಟಕ್ಕೆ ನಿಲ್ಲಲಿಲ್ಲ. ಚಾ ಕುಡಿದಿದ್ದ ಲೋಟಗಳ ಕಡೆ ಹೆದರಿ ನೋಡುತ್ತಾ ಹೋದರು. ಮಾವ ಅಂಗಿ ಹಾಕಿಕೊಂಡು ಹೊರಟುಹೋದರು. ಆಮೇಲೆ ವರ್ಷಗಟ್ಟಲೆ ನಮ್ಮ ಅಂಗಳ ತುಳಿಯಲಿಲ್ಲ. ಊರಿನವರು ದೂರ ಸರಿದರು. ಮೊದಲೂ ಸರಿಯುತ್ತಿದ್ದರು, ಆಗ ಕೈಮುಗಿದು ಸರಿಯುತ್ತಿದ್ದರು. ಬಸ್ಸಿನಲ್ಲಿ ನನ್ನ ಪಕ್ಕದ ಅರ್ಧ ಸೀಟು ಖಾಲಿಯೇ ಇತ್ತು. ಆ ಅಂತರ ಒಂದು ಗೇಣೂ ಹೆಚ್ಚು ಕಡಿಮೆ ಆಗಿರಲಿಲ್ಲ. ನಮ್ಮ ಮನೆಯ ಕಡೆ ಮರಳಿ ಬಂದವಳು ಮೀನಿನ ಹೆಂಗಸು ಒಬ್ಬಳೇ. ಬೇಲಿಯ ಆಚೆಯಿಂದ ಬಂಗುಡೆ ಎಸೆಯುತ್ತಿದ್ದಳು, ಆದರೆ ಎಸೆಯುತ್ತಿದ್ದಳು.

ಅಮ್ಮನಿಗಾಗಿ ನಾನು ಎತ್ತಿಟ್ಟ ಮಾತನ್ನು ಮರುದಿನ ಕೇಳಿದೆ. ಅವಳು ಆಯಿತು ಎಂದಳು. ಆಗಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮತ್ತೊಂದು ಮಳೆಗಾಲ ಕಳೆಯುವಷ್ಟರಲ್ಲಿ ಎದೆಯೂ ವಾಸಿಯಾಯಿತು. ಕಾಪುವಿನ ಶಾಲೆಯವರು ವಿನಯದಿಂದ ಬೇರೆಯವರನ್ನು ಹುಡುಕಿಕೊಂಡಿದ್ದರು. ಕೆಲವು ವರ್ಷ ಕಳೆದು ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ನನ್ನ ಸ್ವರ ಮೇಲೇಳುವುದಿಲ್ಲ, ಮಗ್ಗಿ ಕೇಳಬೇಕಾದರೆ ಮಕ್ಕಳೇ ಸುಮ್ಮನಿರಬೇಕು. ತಪಾಸಣೆಗೆ ಬಂದವರು ಈ ತರಗತಿಯಲ್ಲಿ ಶಿಸ್ತು ಚೆನ್ನಾಗಿದೆ ಎಂದು ಮೆಚ್ಚಿ ಹೋದರು. ಹೋದ ವರ್ಷ ಪೆರ್ಡೂರಿನ ಸಂತೆಯಲ್ಲಿ ಆ ತಾಯಿಯನ್ನು ಕಂಡೆ. ಜತೆಗೆ ಉದ್ದ ಜಡೆಯ ಹುಡುಗಿ, ಒಂದೇ ಸಮನೆ ಮಾತಾಡುತ್ತಿತ್ತು. ತಾಯಿ ನನ್ನನ್ನು ನೋಡಿದ ಕೂಡಲೇ ಹುಡುಗಿಯ ಕೈ ಹಿಡಿದು ಎಳೆದಳು.

"ಅಮ್ಮ, ಅವರು ಯಾರು? ಯಾಕೆ ಓಡುವುದು?"

"ಯಾರೂ ಅಲ್ಲ. ಬಾ."

ಹುಡುಗಿ ಹೋಗುತ್ತಾ ತಿರುಗಿ ತಿರುಗಿ ನೋಡಿ ಇನ್ನೂ ಏನೇನೋ ಕೇಳುತ್ತಲೇ ಇತ್ತು. ಸ್ವರ ಗಟ್ಟಿ ಇತ್ತು, ನನಗೆ ಅಷ್ಟು ಸಾಕು ಎಂದುಕೊಂಡೆ. ಸಾಕಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ವಾರಿಜಳಿಗೆ ಆಮೇಲೆ ಸಂಬಂಧ ಬರಲಿಲ್ಲ. ಅವಳು ಆ ಭಾನುವಾರದಿಂದ ನನ್ನ ಹತ್ತಿರ ಮಾತಾಡಿಲ್ಲ. ನಮ್ಮ ಮನೆಯಲ್ಲಿ ನಿಜವಾದ ಮೌನವ್ರತ ಹಿಡಿದವಳು ಅವಳೇ. ಅಮ್ಮ ಇರುವಷ್ಟು ಕಾಲ ಅಮ್ಮನ ಮೂಲಕ ಹೇಳಿಸುತ್ತಿದ್ದಳು. ಅಮ್ಮ ಹೋದ ಮೇಲೆ ಒಂದು ಬೆಕ್ಕು ಬಂದು ಸೇರಿಕೊಂಡಿತು, ಈಗ ಅದರ ಹತ್ತಿರ ಹೇಳುತ್ತಾಳೆ. ಮಳೆ ಬರುತ್ತದೆ, ಕೊಡೆ ತೆಗೆದುಕೊಂಡು ಹೋಗಲಿ ಎಂದು ಬೆಕ್ಕಿಗೆ ಹೇಳುತ್ತಾಳೆ. ಒಮ್ಮೆ ನಾನು ಮಾತಾಡಿಸಲು ಹೋದಾಗ ಬೆಕ್ಕನ್ನು ಎತ್ತಿಕೊಂಡು, "ನೋಡು, ಸುಮ್ಮನೆ ಇರಬೇಕಾದಾಗ ಮಾತಾಡಿದವರು ಇವರು" ಎಂದಳು. ಅವಳ ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ತಪ್ಪೆಂದೂ ಹೇಳುವುದಿಲ್ಲ. ಆ ಮಗುವನ್ನು ಇನ್ನೊಂದು ಸಲ ನನ್ನ ಮಡಿಲಿಗೆ ಹಾಕಿದರೂ ಅದನ್ನೇ ಹೇಳುತ್ತೇನೆ. ಆದರೆ ಸಕ್ಕರೆ ಕಡಿಮೆ ಎಂದ ಆ ಹುಡುಗ ಕಾರ್ಕಳದಲ್ಲಿ ಎರಡು ಮಕ್ಕಳ ತಂದೆಯಾಗಿದ್ದಾನೆ ಎಂದು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಆಗ ನಮ್ಮ ನಡುವೆ ಹೊಸ್ತಿಲಿತ್ತು, ಬೇರೆ ತಟ್ಟೆ ಇತ್ತು, ಅವಳ ಮಾತಿತ್ತು. ಈಗ ಒಂದೇ ಅಡುಗೆಮನೆಯಲ್ಲಿ ಪಕ್ಕಪಕ್ಕ ಮಣೆ ಹಾಕಿ ಉಣ್ಣುತ್ತೇವೆ, ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುತ್ತೇವೆ. ಇದನ್ನು ಓದುವವರು ಆರೋಗ್ಯವಂತರಾಗಿದ್ದರೆ ನನ್ನದೊಂದು ಮಾತು. ಮನೆಯವರನ್ನು ಊಟ ಆಯಿತಾ ಎಂದು ಕೇಳಿ. ಎದುರಿಗೇ ಉಣ್ಣುತ್ತಿದ್ದರೂ ಕೇಳಿ. ಕೇಳಿದವರಿಗೆ ಆಯಿತು ಎಂದು ಹೇಳಿ.

ನಾನು ದಿನಾ ಮಧ್ಯಾಹ್ನ ಶಾಲೆಯಿಂದ ಬಂದು, ಚಪ್ಪಲಿ ಬಿಟ್ಟು, "ವಾರಿಜಾ, ಒಣಸ್ ಆಂಡಾ?" ಎಂದು ಕೇಳುತ್ತೇನೆ. ಉತ್ತರವಿಲ್ಲ. ಊಟ ಮುಗಿದ ಮೇಲೆ ಅವಳು ಮೀನಿನ ಮುಳ್ಳನ್ನು ಅನ್ನದಲ್ಲಿ ಕಲಸಿ ಹಿತ್ತಿಲ ಮೆಟ್ಟಿಲಲ್ಲಿ ಇಟ್ಟು, ಬೆಕ್ಕು ತಿಂದು ಮುಗಿಸುವವರೆಗೆ ಕಾಯುತ್ತಾಳೆ. ಆಮೇಲೆ ಹೊರಗೆ ಗೋಡೆಗೆ ಒರಗಿ ಕುಳಿತು ಬೆಕ್ಕನ್ನು ಕೇಳುತ್ತಾಳೆ, "ಒಣಸ್ ಆಂಡಾ?" ಎಂದು. ನನ್ನನ್ನು ಕೇಳಿದ್ದಲ್ಲ ಎಂದು ನನಗೆ ಗೊತ್ತು. ಆದರೂ ಒಳಗಿನಿಂದ, ನನ್ನ ಒಡಕು ಸ್ವರದಲ್ಲಿ, ಬೆಕ್ಕಿನ ಪರವಾಗಿ "ಆಯಿತು" ಎನ್ನುತ್ತೇನೆ.